ಪ್ಯಾಕ್ ಖಜಾಂಚಿಯ ಲೆಕ್ಕಪುಸ್ತಕ

ಅಮೆರಿಕದಲ್ಲಿ ರಾಜಕೀಯ ನಿಧಿ ಸಂಗ್ರಹಿಸುವ ಸಮಿತಿಯೊಂದು ಅಧ್ಯಕ್ಷರಿಲ್ಲದೆ ನಡೆದೀತು, ಖಜಾಂಚಿ ಇಲ್ಲದೆ ನಡೆಯುವುದಿಲ್ಲ. ಖಜಾಂಚಿಯ ಸ್ಥಾನ ಖಾಲಿ ಇರುವಷ್ಟು ಕಾಲ ಸಮಿತಿ ಒಂದು ಡಾಲರ್ ಪಡೆಯುವಂತಿಲ್ಲ, ಒಂದು ಡಾಲರ್ ಖರ್ಚು ಮಾಡುವಂತಿಲ್ಲ. ಅದಕ್ಕೇ ಅನುಭವಸ್ಥರು ನೋಂದಣಿ ಅರ್ಜಿಯಲ್ಲಿಯೇ ಸಹಾಯಕ ಖಜಾಂಚಿಯ ಹೆಸರನ್ನೂ ಬರೆದುಬಿಡುತ್ತಾರೆ. ನಾನು ವೃತ್ತಿಯಿಂದ ಲೆಕ್ಕಿಗ. ವಾಷಿಂಗ್ಟನ್‌ಗೆ ಅಂಟಿಕೊಂಡಿರುವ ವರ್ಜೀನಿಯಾದಲ್ಲಿ ಕುಳಿತು ಇಂಥ ಕೆಲವು ಸಮಿತಿಗಳಿಗೆ ಖಜಾಂಚಿಯಾಗಿದ್ದೇನೆ. ಊರಿನ ನೆಂಟರಿಗೆ ಇದನ್ನು ವಿವರಿಸಿದರೆ, ‘ಓಹೋ, ಪಾರ್ಟಿ ಫಂಡ್ ವ್ಯವಹಾರ’ ಎಂದು ಅರ್ಥಗರ್ಭಿತವಾಗಿ ನಗುತ್ತಾರೆ. ಅವರು ಊಹಿಸಿಕೊಳ್ಳುವ ಸೂಟ್‌ಕೇಸ್ ಇಲ್ಲಿಲ್ಲ. ನಗದು ರೂಪದಲ್ಲಿ ಒಬ್ಬರಿಂದ 100 ಡಾಲರ್‌ಗಿಂತ ಹೆಚ್ಚು ಇಟ್ಟುಕೊಳ್ಳುವಂತೆಯೇ ಇಲ್ಲ.

ಪೊಲಿಟಿಕಲ್ ಆ್ಯಕ್ಷನ್ ಕಮಿಟಿ, ಎಲ್ಲರ ಬಾಯಲ್ಲಿ ಪ್ಯಾಕ್. ಇದು ಪಕ್ಷವಲ್ಲ, ಅಭ್ಯರ್ಥಿಯ ಪ್ರಚಾರ ಸಮಿತಿಯೂ ಅಲ್ಲ. ಹಲವರಿಂದ ಹಣ ಕೂಡಿಸಿ ತನಗೆ ಬೇಕಾದ ಅಭ್ಯರ್ಥಿಗಳಿಗೆ ಹಂಚುವ ಮೂರನೆಯವರ ಸಂಸ್ಥೆ. ಇದು ಹುಟ್ಟಿದ್ದು ನಿಷೇಧದ ಸಂದಿಯಲ್ಲಿ. ಕಂಪನಿಗಳು ಫೆಡರಲ್ ಚುನಾವಣೆಯ ಅಭ್ಯರ್ಥಿಗಳಿಗೆ ಹಣ ಕೊಡುವುದನ್ನು 1907ರ ಟಿಲ್‌ಮನ್ ಕಾಯ್ದೆ ತಡೆಯಿತು. 1943ರಲ್ಲಿ, ಯುದ್ಧಕಾಲದ ಕಾಯ್ದೆಯೊಂದು ಕಾರ್ಮಿಕ ಸಂಘಗಳ ಕೈಯನ್ನೂ ಕಟ್ಟಿತು. ಆಗ ಸಿಐಒ ಎಂಬ ಕಾರ್ಮಿಕ ಒಕ್ಕೂಟದ ಮುಖಂಡ ಸಿಡ್ನಿ ಹಿಲ್‌ಮನ್ ದಾರಿಯೊಂದನ್ನು ಕಂಡುಕೊಂಡರು: ಸಂಘದ ಬೊಕ್ಕಸವನ್ನು ಮುಟ್ಟದೆ, ಸದಸ್ಯರು ಸ್ವಇಚ್ಛೆಯಿಂದ ಕೊಟ್ಟ ಹಣವನ್ನು ಪ್ರತ್ಯೇಕ ಖಾತೆಯಲ್ಲಿಟ್ಟು ಅದರಿಂದ ಚುನಾವಣೆಗೆ ನೆರವಾಗುವುದು. ಮೂರು ದಶಕಗಳ ನಂತರ ಕಂಪನಿಗಳು ಇದೇ ದಾರಿಯಲ್ಲಿ ಸಾಲುಗಟ್ಟಿ ಬಂದವು. ವಾಟರ್‌ಗೇಟ್ ಹಗರಣದ ಬಿಸಿಯಲ್ಲಿ, 1974ರಲ್ಲಿ, ದೇಣಿಗೆಗಳಿಗೆ ಮಿತಿ ಬಂತು. ಮೇಲ್ವಿಚಾರಣೆಗೆ ಫೆಡರಲ್ ಎಲೆಕ್ಷನ್ ಕಮಿಷನ್, ಅಂದರೆ ಎಫ್‌ಇಸಿ ಬಂತು.

ಕಂಪನಿಯ ಪ್ಯಾಕ್ ಬಗ್ಗೆ ಇರುವಷ್ಟು ತಪ್ಪುಕಲ್ಪನೆ ಬೇರಾವುದರ ಬಗ್ಗೆಯೂ ಇಲ್ಲ. ಕಂಪನಿ ನನ್ನ ಶುಲ್ಕ ಕೊಡಬಹುದು, ಕಚೇರಿಯ ಬಾಡಿಗೆ ಕಟ್ಟಬಹುದು, ಅಂಚೆ ವೆಚ್ಚ ಭರಿಸಬಹುದು. ಅಭ್ಯರ್ಥಿಗೆ ಹೋಗುವ ಹಣದಲ್ಲಿ ಮಾತ್ರ ಕಂಪನಿಯದು ಒಂದು ಸೆಂಟ್ ಕೂಡ ಇರಕೂಡದು. ಷೇರುದಾರರು, ಮೇಲಿನ ಹಂತದ ನೌಕರರು ಮತ್ತು ಅವರ ಕುಟುಂಬದವರನ್ನಷ್ಟೇ ಮನಬಂದಾಗ ಕೇಳಬಹುದು. ಕೇಳುವ ಪತ್ರದಲ್ಲಿ ‘ಇದು ಸ್ವಇಚ್ಛೆಯ ದೇಣಿಗೆ, ಕೊಡದಿದ್ದರೆ ಯಾವ ತೊಂದರೆಯೂ ಆಗದು’ ಎಂಬ ಅರ್ಥದ ಮಾತು ಇರಲೇಬೇಕು. ಹೀಗೆ ಒಬ್ಬ ವ್ಯಕ್ತಿ ಪ್ಯಾಕ್‌ಗೆ ಕೊಡಬಹುದಾದದ್ದು ವರ್ಷಕ್ಕೆ 5,000 ಡಾಲರ್. ನೋಂದಣಿಯಾಗಿ ಆರು ತಿಂಗಳು ಕಳೆದ, 50ಕ್ಕಿಂತ ಹೆಚ್ಚು ದಾನಿಗಳಿರುವ, ಕನಿಷ್ಠ ಐದು ಅಭ್ಯರ್ಥಿಗಳಿಗೆ ಕೊಟ್ಟಿರುವ ಪ್ಯಾಕ್ ಒಬ್ಬ ಅಭ್ಯರ್ಥಿಗೆ ಕೊಡಬಹುದಾದದ್ದೂ ಚುನಾವಣೆಯೊಂದಕ್ಕೆ 5,000 ಡಾಲರ್. ಪಕ್ಷದ ಅಭ್ಯರ್ಥಿಯನ್ನು ಆರಿಸುವ ಪ್ರೈಮರಿ ಒಂದು ಚುನಾವಣೆ, ನವೆಂಬರಿನದು ಇನ್ನೊಂದು, ಒಟ್ಟು 10,000. 1974ರಲ್ಲಿ ನಿಗದಿಯಾದ ಈ ಅಂಕಿ ಇಂದಿಗೂ ಅಲ್ಲೇ ನಿಂತಿದೆ. ವ್ಯಕ್ತಿಯೊಬ್ಬರು ಅಭ್ಯರ್ಥಿಗೆ ನೇರವಾಗಿ ಕೊಡುವ ಮಿತಿ ಮಾತ್ರ ಬೆಲೆಯೇರಿಕೆಯ ಜೊತೆ ಏರುತ್ತಾ 2025-26ರ ಅವಧಿಗೆ ಚುನಾವಣೆಯೊಂದಕ್ಕೆ 3,500 ಡಾಲರ್ ತಲುಪಿದೆ. ಹತ್ತು ಸಾವಿರ ಡಾಲರ್‌ಗೆ ಇಲ್ಲಿ ಯಾವ ಸಂಸದರೂ ಮಾರಾಟಕ್ಕೆ ಸಿಗುವುದಿಲ್ಲ. ಆ ಹಣಕ್ಕೆ ಸಿಗುವುದು ಅವರ ಬೆಳಗಿನ ಉಪಾಹಾರ ಕೂಟದಲ್ಲಿ ಒಂದು ಕುರ್ಚಿ. ಅದಕ್ಕೂ ಬೆಲೆಯಿದೆ ಎನ್ನುವುದು ಬೇರೆ ಮಾತು.

ಒಂದು ಚೆಕ್ ಹಿಡಿದು ನೋಡೋಣ. 250 ಡಾಲರ್, ಗಂಡ ಹೆಂಡತಿ ಇಬ್ಬರ ಹೆಸರೂ ಮೇಲೆ ಅಚ್ಚಾಗಿರುವ ಜಂಟಿ ಖಾತೆ, ಕೆಳಗೆ ಹೆಂಡತಿಯೊಬ್ಬರ ಸಹಿ. ಇದು ಇಬ್ಬರ ದೇಣಿಗೆಯಲ್ಲ, ಸಹಿ ಮಾಡಿದವರದು. ನನ್ನ ಕೈ ಸೇರಿದ ಹತ್ತು ದಿನದೊಳಗೆ ಬ್ಯಾಂಕಿಗೆ ಹೋಗಬೇಕು. ಒಬ್ಬರ ಕೊಡುಗೆ ವರ್ಷದಲ್ಲಿ ಒಟ್ಟು 200 ಡಾಲರ್ ದಾಟಿದೊಡನೆ ಅವರ ಹೆಸರು, ವಿಳಾಸ, ವೃತ್ತಿ, ಕೆಲಸ ಮಾಡುವ ಸಂಸ್ಥೆಯ ಹೆಸರು ಸಾರ್ವಜನಿಕ ವರದಿಯಲ್ಲಿ ಕಾಣಿಸಿಕೊಳ್ಳಬೇಕು. ವೃತ್ತಿಯ ಜಾಗವನ್ನು ಖಾಲಿ ಬಿಟ್ಟು ಕಳಿಸುವವರೇ ಬಹಳ. ಆಗ 30 ದಿನದೊಳಗೆ ಮತ್ತೊಮ್ಮೆ ಕೇಳಿ ಪತ್ರ ಬರೆಯಬೇಕು, ಬರೆದದ್ದಕ್ಕೆ ದಾಖಲೆ ಇಡಬೇಕು. ಆ ಪತ್ರದಲ್ಲಿ ಇನ್ನಷ್ಟು ದೇಣಿಗೆ ಕೇಳುವಂತಿಲ್ಲ. ಉತ್ತರ ಬಾರದಿದ್ದರೆ ‘ಕೇಳಿದ್ದೇವೆ’ ಎಂದು ನಮೂದಿಸಿ ಮುಂದೆ ಸಾಗಬಹುದು. ಕೇಳದೇ ಇದ್ದರೆ ತಪ್ಪು ನಮ್ಮದು.

ಈ ವರದಿಗಳು ಯಾರು ಬೇಕಾದರೂ ಎಫ್‌ಇಸಿ ಜಾಲತಾಣದಲ್ಲಿ ನೋಡುವಂಥವು. ಆದರೆ ಅಲ್ಲಿನ ದಾನಿಗಳ ಹೆಸರುಗಳನ್ನು ನಕಲು ಮಾಡಿಕೊಂಡು ಅವರಿಗೆ ದೇಣಿಗೆ ಕೇಳಿ ಪತ್ರ ಬರೆಯುವುದು, ಸರಕು ಮಾರುವುದು ನಿಷಿದ್ಧ. ಕದ್ದವರನ್ನು ಹಿಡಿಯಲು ಕಾನೂನೇ ನಮಗೊಂದು ಉಪಾಯ ಕೊಟ್ಟಿದೆ: ಒಂದು ವರದಿಯಲ್ಲಿ ಹತ್ತು ಸುಳ್ಳು ಹೆಸರುಗಳವರೆಗೆ ಸೇರಿಸಬಹುದು. ಆ ಹೆಸರುಗಳ ಪಟ್ಟಿಯನ್ನು ಆಯೋಗಕ್ಕೆ ಬೇರೆಯಾಗಿ, ಗುಟ್ಟಾಗಿ ತಿಳಿಸಿರಬೇಕು. ನಾಳೆ ಆ ಇಲ್ಲದ ಮನುಷ್ಯನ ಹೆಸರಿಗೆ ಯಾವುದಾದರೂ ಸಮಿತಿಯ ಮನವಿ ಪತ್ರ ಬಂದರೆ ಕಳ್ಳ ಸಿಕ್ಕಿಬಿದ್ದಂತೆ. ಸರ್ಕಾರಿ ದಾಖಲೆಯಲ್ಲಿ ಸುಳ್ಳು ಹೆಸರು ಬರೆಯಲು ಅನುಮತಿಯಿರುವ ಇನ್ನೊಂದು ಲೆಕ್ಕಪತ್ರವನ್ನು ನನ್ನ ವೃತ್ತಿಯಲ್ಲಿ ನಾನು ಕಂಡಿಲ್ಲ.

ಇನ್ನು ನಮ್ಮವರ ವಿಷಯ. ಕನ್ನಡಿಗರ ಮನೆಗಳಲ್ಲಿ ಅಭ್ಯರ್ಥಿಗಳ ನಿಧಿ ಸಂಗ್ರಹ ಕೂಟಗಳು ಈಗ ಅಪರೂಪವೇನಲ್ಲ. ಮನೆಯವರು ತಮ್ಮ ಕೈಯಿಂದ ಊಟ, ಆಮಂತ್ರಣಕ್ಕೆ ಒಬ್ಬ ಅಭ್ಯರ್ಥಿಗೆ ಚುನಾವಣೆಯೊಂದಕ್ಕೆ 1,000 ಡಾಲರ್‌ವರೆಗೆ ಖರ್ಚು ಮಾಡಿದರೆ ಅದು ದೇಣಿಗೆಯ ಲೆಕ್ಕಕ್ಕೆ ಬರುವುದಿಲ್ಲ. ಬಿಸಿಬೇಳೆಬಾತ್, ಮೈಸೂರ್ ಪಾಕ್ ಎಲ್ಲ ಅದರೊಳಗೆ ಮುಗಿದೀತು. ಆದರೆ ಟಿಕೆಟ್ ಕೊಂಡು ಹೋಗುವ ಔತಣವಾದರೆ ಟಿಕೆಟಿನ ಪೂರ್ತಿ ಮೊತ್ತವೂ ದೇಣಿಗೆಯೇ. ‘ಊಟದ ಬೆಲೆ ಕಳೆಯಿರಿ’ ಎಂಬ ವಾದ ನಡೆಯುವುದಿಲ್ಲ.

ಇಲ್ಲೇ ಬಹಳ ಮಂದಿ ಎಡವುವುದು. ಗ್ರೀನ್ ಕಾರ್ಡ್ ಇರುವವರು ಪೌರರಲ್ಲದಿದ್ದರೂ ದೇಣಿಗೆ ಕೊಡಬಹುದು. ಎಚ್-1ಬಿ ವೀಸಾದವರು ಕೊಡುವಂತಿಲ್ಲ. ಸಂಸತ್ತಿನ ಚುನಾವಣೆಗೂ ಇಲ್ಲ, ರಾಜ್ಯದ್ದಕ್ಕೂ ಇಲ್ಲ, ಪಕ್ಕದ ಬೀದಿಯ ಶಾಲಾ ಮಂಡಳಿಯದಕ್ಕೂ ಇಲ್ಲ. ‘ನಾನು ಇಲ್ಲಿ ತೆರಿಗೆ ಕಟ್ಟುತ್ತೇನಲ್ಲ’ ಎಂಬ ಆಕ್ಷೇಪ ನ್ಯಾಯವಾದದ್ದೇ. ಕೆನಡಾದಿಂದ ಬಂದು ನ್ಯೂಯಾರ್ಕಿನಲ್ಲಿ ವಕೀಲಿಕೆ ಮಾಡುತ್ತಿದ್ದ ಬೆಂಜಮಿನ್ ಬ್ಲೂಮನ್ ಈ ನಿಷೇಧವನ್ನು ಪ್ರಶ್ನಿಸಿ ನ್ಯಾಯಾಲಯಕ್ಕೆ ಹೋದರು. 2011ರಲ್ಲಿ ಸೋತರು, 2012ರಲ್ಲಿ ಸುಪ್ರೀಂ ಕೋರ್ಟ್ ಅದೇ ತೀರ್ಪನ್ನು ಎತ್ತಿಹಿಡಿಯಿತು. ವೀಸಾದವರು ಸಂಬಳವಿಲ್ಲದೆ ಸ್ವಯಂಸೇವಕರಾಗಿ ಕೆಲಸ ಮಾಡಬಹುದು, ಕರಪತ್ರ ಹಂಚಬಹುದು. ಹಣ ಎಲ್ಲಿಗೆ ಹೋಗಬೇಕೆಂದು ನಿರ್ಧರಿಸುವ ಸಭೆಯಲ್ಲಿ ಕೂರುವಂತಿಲ್ಲ. ವಿದೇಶಿ ವಿಳಾಸವೋ ವಿದೇಶಿ ಬ್ಯಾಂಕಿನ ಚೆಕ್ಕೋ ಕಂಡರೆ ವಿಚಾರಿಸಬೇಕಾದ ಹೊಣೆ ಖಜಾಂಚಿಯದು. ನಾನು ಫೋನ್ ಮಾಡಿದರೆ ದಯವಿಟ್ಟು ಬೇಸರಪಟ್ಟುಕೊಳ್ಳಬೇಡಿ.

ಕನ್ನಡ ಕೂಟಗಳ ಪದಾಧಿಕಾರಿಗಳಿಗೂ ಒಂದು ಮಾತು. ನಿಮ್ಮ ಕೂಟ ತೆರಿಗೆ ಕಾನೂನಿನ 501(ಸಿ)(3) ಕಲಮಿನ ಅಡಿಯಲ್ಲಿ ತೆರಿಗೆ ವಿನಾಯಿತಿ ಪಡೆದಿದ್ದರೆ ಅದು ಯಾವ ಅಭ್ಯರ್ಥಿಯ ಪರವಾಗಿಯೂ ವಿರುದ್ಧವಾಗಿಯೂ ನಿಲ್ಲುವಂತಿಲ್ಲ. ಪಕ್ಷಭೇದವಿಲ್ಲದೆ ಮತದಾರರ ನೋಂದಣಿ ಮಾಡಿಸಿ, ತಪ್ಪಿಲ್ಲ. ಯುಗಾದಿಯ ವೇದಿಕೆಗೆ ಒಬ್ಬ ಅಭ್ಯರ್ಥಿಯನ್ನಷ್ಟೇ ಹತ್ತಿಸಿ, ‘ಇವರನ್ನು ಗೆಲ್ಲಿಸಿ’ ಎಂದರೆ ವಿನಾಯಿತಿಗೇ ಕುತ್ತು.

ಎಲ್ಲಕ್ಕಿಂತ ಅಪಾಯಕಾರಿ ಇನ್ನೊಬ್ಬರ ಹೆಸರಿನಲ್ಲಿ ಕೊಡುವುದು. ‘ನನ್ನ ಮಿತಿ ಮುಗಿಯಿತು, ನಿಮ್ಮ ಹೆಸರಿನಲ್ಲಿ ಒಂದು ಚೆಕ್ ಬರೆಯಿರಿ, ಹಣ ನಾನು ಕೊಡುತ್ತೇನೆ’ ಎಂಬುದು ಸ್ನೇಹದ ಮಾತಿನಂತೆ ಕೇಳಿಸುತ್ತದೆ. ಕಾನೂನಿಗೆ ಅದು ಕ್ರಿಮಿನಲ್ ಅಪರಾಧ. ಮಗುವಿನ ಉಳಿತಾಯ ಖಾತೆಗೆ ಹಣ ಹಾಕಿ ಅಲ್ಲಿಂದ ಕೊಡಿಸುವುದೂ ಇದೇ. ಭಾರತ ಮೂಲದ ಇಬ್ಬರು ಹೆಸರಾಂತರು 2014ರಲ್ಲಿ ಇಂಥ ಪ್ರಕರಣಗಳಲ್ಲಿ ತಪ್ಪೊಪ್ಪಿಕೊಂಡರು: ಹೋಟೆಲ್ ಉದ್ಯಮಿ ಸಂತ್ ಸಿಂಗ್ ಚಟ್ವಾಲ್ ಮತ್ತು ಲೇಖಕ ದಿನೇಶ್ ಡಿಸೋಜಾ. ಡಿಸೋಜಾ ಪ್ರಕರಣದ ಮೊತ್ತ ಬರೀ 20,000 ಡಾಲರ್. 2018ರಲ್ಲಿ ಅವರಿಗೆ ಅಧ್ಯಕ್ಷರ ಕ್ಷಮಾದಾನ ಸಿಕ್ಕಿತು. ಅಂಥ ಅದೃಷ್ಟವನ್ನು ನಂಬಿ ಯಾರೂ ಚೆಕ್ ಬರೆಯಬಾರದು. ಅಭ್ಯರ್ಥಿ ತನ್ನ ಸ್ವಂತ ಹಣ ಸುರಿದುಕೊಳ್ಳುವುದಕ್ಕೆ ಮಾತ್ರ ಮಿತಿಯಿಲ್ಲ. ಬೆಳಗಾವಿಯಲ್ಲಿ ಬೆಳೆದು, ಡೆಟ್ರಾಯಿಟ್ ಭಾಗದಿಂದ 2022ರಲ್ಲಿ ಸಂಸತ್ತಿಗೆ ಆಯ್ಕೆಯಾದ ಶ್ರೀ ಥಾನೇದಾರ್ ಅವರ ಪ್ರಚಾರ ಬಹುಪಾಲು ಹಾಗೆಯೇ ನಡೆಯಿತು.

ಮಿತಿಯಿಲ್ಲದ್ದು ಇನ್ನೊಂದಿದೆ. 1976ರಲ್ಲಿ ಬಕ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಡುಗೆಗೆ ಮಿತಿ ಹಾಕಬಹುದು, ಖರ್ಚಿಗೆ ಹಾಕಬಾರದು ಎಂದಿತು. ಖರ್ಚು ಮಾಡುವುದು ಮಾತನಾಡಿದಂತೆ, ಮಾತಿಗೆ ಕಡಿವಾಣ ಕೂಡದು ಎಂಬ ತರ್ಕ. ಭಾರತದಲ್ಲಿ ಇದು ಹೆಚ್ಚುಕಡಿಮೆ ತಲೆಕೆಳಗು: ಕರ್ನಾಟಕದ ಲೋಕಸಭಾ ಅಭ್ಯರ್ಥಿಯ ಖರ್ಚಿಗೆ 95 ಲಕ್ಷ ರೂಪಾಯಿಯ ಗೆರೆಯಿದೆ, ಒಬ್ಬ ವ್ಯಕ್ತಿ ಪಕ್ಷಕ್ಕೆ ಎಷ್ಟು ಕೊಡಬಹುದು ಎಂಬುದಕ್ಕೆ ಗೆರೆಯೇ ಇಲ್ಲ. 2010ರ ಜನವರಿಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ಸಿಟಿಜನ್ಸ್ ಯುನೈಟೆಡ್ ತೀರ್ಪು ಬಂದು, ಕಂಪನಿಗಳು ಮತ್ತು ಸಂಘಗಳೂ ಅಭ್ಯರ್ಥಿಯೊಂದಿಗೆ ಮಾತುಕತೆಯಿಲ್ಲದೆ ಸ್ವತಂತ್ರವಾಗಿ ಎಷ್ಟು ಬೇಕಾದರೂ ಖರ್ಚು ಮಾಡಬಹುದೆಂದಿತು. ಎರಡು ತಿಂಗಳಲ್ಲಿ ಸ್ಪೀಚ್‌ನೌ ಪ್ರಕರಣದಲ್ಲಿ ಮೇಲ್ಮನವಿ ನ್ಯಾಯಾಲಯ, ಹಾಗೆ ಸ್ವತಂತ್ರ ಖರ್ಚನ್ನಷ್ಟೇ ಮಾಡುವ ಸಮಿತಿಗೆ ಕೊಡುವವರಿಗೂ ಮಿತಿ ಬೇಡವೆಂದಿತು. ಸೂಪರ್ ಪ್ಯಾಕ್ ಹುಟ್ಟಿದ್ದು ಹೀಗೆ. ಅದು ಅಭ್ಯರ್ಥಿಗೆ ಒಂದು ಡಾಲರ್ ಕೊಡುವಂತಿಲ್ಲ. ಅಭ್ಯರ್ಥಿಗಾಗಿ ಹತ್ತು ಕೋಟಿ ಡಾಲರ್ ಸುರಿಯಬಹುದು.

ಎಲ್ಲವೂ ನಿಂತಿರುವುದು ‘ಸ್ವತಂತ್ರ’ ಎಂಬ ಆ ಒಂದು ಷರತ್ತಿನ ಮೇಲೆ. ಅದೆಷ್ಟು ಸಡಿಲ ನೋಡಿ. ಅಭ್ಯರ್ಥಿಯ ಜಾಲತಾಣದ ಮೂಲೆಯಲ್ಲಿ ಕೆಂಪು ಅಂಚಿನ ಚೌಕವೊಂದಿರುತ್ತದೆ. ‘ಇಂಥ ಊರಿನ ಹಿರಿಯ ಮತದಾರರು ಔಷಧಿ ಬೆಲೆಯ ಕುರಿತು ಈ ವಿಷಯ ತಿಳಿಯಬೇಕು’ ಎಂದು ಅಲ್ಲಿ ಬರೆದಿರುತ್ತದೆ. ಓದುವವರು ಮತದಾರರಲ್ಲ, ಸೂಪರ್ ಪ್ಯಾಕಿನ ಜಾಹೀರಾತುದಾರರು. ಎಲ್ಲರಿಗೂ ಕಾಣುವಂತೆ ಪ್ರಕಟಿಸಿದ್ದನ್ನು ಬಳಸಿಕೊಂಡರೆ ಒಳಒಪ್ಪಂದ ಎನ್ನಲಾಗದು. 2024ರ ಮಾರ್ಚಿನಲ್ಲಿ ಆಯೋಗ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಮನೆಮನೆಗೆ ಹೋಗುವ ಪ್ರಚಾರವನ್ನು ಅಭ್ಯರ್ಥಿಯೊಂದಿಗೆ ಮಾತಾಡಿಕೊಂಡೇ ನಡೆಸಬಹುದು ಎಂಬ ಅಭಿಪ್ರಾಯ ಕೊಟ್ಟಿತು. ಅದೇ ವರ್ಷ ಎಲಾನ್ ಮಸ್ಕ್ ಹಣ ಹೂಡಿದ ಅಮೆರಿಕ ಪ್ಯಾಕ್ ಟ್ರಂಪ್ ಪರವಾಗಿ ಬಾಗಿಲು ತಟ್ಟಿದ್ದು ಈ ಅಭಿಪ್ರಾಯದ ಬಲದಿಂದ. 250 ಡಾಲರ್ ಚೆಕ್ಕಿನ ಮೇಲಿನ ಸಹಿಯನ್ನು ಭೂತಗನ್ನಡಿ ಹಿಡಿದು ನೋಡುವ ಅದೇ ವ್ಯವಸ್ಥೆ ಇಲ್ಲಿ ಕನ್ನಡಕ ತೆಗೆದಿಟ್ಟು ಕೂರುತ್ತದೆ.

ಮಿತಿಗಳಿಗಿಂತ ಬಹಿರಂಗಪಡಿಸುವಿಕೆಯಲ್ಲಿ ನನಗೆ ಹೆಚ್ಚು ನಂಬಿಕೆ. ಚುನಾವಣಾ ಬಾಂಡ್‌ಗಳನ್ನು 2024ರ ಫೆಬ್ರುವರಿಯಲ್ಲಿ ರದ್ದುಪಡಿಸಿದಾಗ ಭಾರತದ ಸುಪ್ರೀಂ ಕೋರ್ಟ್ ಮುಂದಿಟ್ಟದ್ದೂ ಮತದಾರರ ತಿಳಿಯುವ ಹಕ್ಕನ್ನೇ. ಆದರೆ ಬಹಿರಂಗವಾಗುವುದು ಯಾವಾಗ ಎಂಬುದೂ ಮುಖ್ಯ. ಮತದಾನಕ್ಕೆ ಮುಂಚಿನ ಕೊನೆಯ ವರದಿ ಮತದಾನಕ್ಕೆ 20 ದಿನ ಮುಂಚಿನವರೆಗಿನ ಲೆಕ್ಕವನ್ನು ಕೊಡುತ್ತದೆ. ಅದರ ಮಾರನೆಯ ದಿನ ಹೊಸ ಸೂಪರ್ ಪ್ಯಾಕೊಂದನ್ನು ತೆರೆದರೆ? ಯಾರ ಪರ ಎಷ್ಟು ಖರ್ಚು ಮಾಡಿತು ಎಂಬುದನ್ನು 24 ಗಂಟೆಯಲ್ಲಿ ತಿಳಿಸಬೇಕು, ನಿಜ. ಹಣ ಕೊಟ್ಟವರು ಯಾರು ಎಂಬುದು ಮಾತ್ರ ಫಲಿತಾಂಶ ಬಂದು ವಾರಗಳಾದ ಮೇಲೆ ಗೊತ್ತಾಗುತ್ತದೆ. ಆಗಲೂ ದಾನಿಯ ಜಾಗದಲ್ಲಿ, ತನ್ನ ದಾನಿಗಳನ್ನು ಹೇಳಬೇಕಾಗಿಲ್ಲದ ಲಾಭರಹಿತ ಸಂಸ್ಥೆಯೊಂದರ ಹೆಸರಿರಬಹುದು. ಇಂಥ ‘ದಿಢೀರ್ ಪ್ಯಾಕ್’ ನಡೆಸಲು ನನ್ನನ್ನು ಕೇಳಿದವರಿದ್ದಾರೆ. ಕಾನೂನಿಗೆ ವಿರುದ್ಧವಲ್ಲ, ಆದರೂ ಒಲ್ಲೆ ಎಂದಿದ್ದೇನೆ.

ಹಾಗಾದರೆ ಆಯೋಗ ಏನು ಮಾಡುತ್ತದೆ? ಆರು ಸದಸ್ಯರು, ಒಂದು ಪಕ್ಷದವರು ಮೂವರಿಗಿಂತ ಹೆಚ್ಚಿರುವಂತಿಲ್ಲ, ಕ್ರಮಕ್ಕೆ ನಾಲ್ಕು ಮತ ಬೇಕು. ಮೂರು-ಮೂರಾದರೆ ಕಡತ ಮುಚ್ಚಿದಂತೆಯೇ. 2008, 2019, 2020 ಮತ್ತು 2025ರಲ್ಲಿ ಸದಸ್ಯರ ಸ್ಥಾನ ಖಾಲಿಯಾಗಿ ಕೋರಂ ತಪ್ಪಿದ್ದೂ ಉಂಟು. ಅಂಥ ಹೊತ್ತಿನಲ್ಲೂ ಕೆಳಗಿನ ಸಿಬ್ಬಂದಿ ವರದಿಗಳನ್ನು ಓದುತ್ತಲೇ ಇರುತ್ತಾರೆ, ಮೊತ್ತ ತಾಳೆಯಾಗದಿದ್ದರೆ ವಿವರಣೆ ಕೇಳಿ ಪತ್ರ ಬರುತ್ತಲೇ ಇರುತ್ತದೆ. ತಪ್ಪು ಸಾಬೀತಾದರೆ ದಂಡ ಸಮಿತಿಗೆ. ಗೊತ್ತಿದ್ದೂ ಕಣ್ಣುಮುಚ್ಚಿದ್ದರೆ ಖಜಾಂಚಿಯ ಸ್ವಂತ ಜೇಬಿಗೂ. ಖಜಾಂಚಿಯೇ ಕಳ್ಳನಾದ ಕಥೆಗಳೂ ಇವೆ. ಕ್ಯಾಲಿಫೋರ್ನಿಯಾದ ಕಿಂಡೆ ಡರ್ಕೀ ಎಂಬ ಖಜಾಂಚಿ ಹತ್ತಾರು ಗ್ರಾಹಕರ ಖಾತೆಗಳಿಂದ 70 ಲಕ್ಷ ಡಾಲರ್‌ಗೂ ಹೆಚ್ಚು ಎತ್ತಿ 2012ರಲ್ಲಿ ಎಂಟು ವರ್ಷದ ಶಿಕ್ಷೆಗೆ ಒಳಗಾದರು. ಸೆನೆಟರ್ ಡಯಾನ್ ಫೈನ್‌ಸ್ಟೈನ್ ಅವರಂಥವರ ಸಮಿತಿಗಳೂ ಮೋಸ ಹೋದವು. ಚೆಕ್ ಬರೆಯುವವರು ಮತ್ತು ಬ್ಯಾಂಕ್ ಲೆಕ್ಕ ತಾಳೆ ನೋಡುವವರು ಒಬ್ಬರೇ ಆಗಿರಬಾರದು ಎಂದು ನಾನು ಹೊಸ ಸಮಿತಿಗಳಿಗೆ ಹಟ ಹಿಡಿದು ಹೇಳುವುದು ಅದಕ್ಕೇ.

ಕೊನೆಗೆ ಬಳಕೆಗೆ ಬರುವಂಥದ್ದೊಂದು. ಪೊಲೀಸರಿಗಾಗಿ, ಮಾಜಿ ಸೈನಿಕರಿಗಾಗಿ, ಕ್ಯಾನ್ಸರ್ ರೋಗಿಗಳಿಗಾಗಿ ಎಂದು ಹೇಳಿಕೊಂಡು ಸಂಜೆ ಹೊತ್ತಿಗೆ ಫೋನ್ ಬರುತ್ತದೆ. ಹೆಸರು ಕೇಳಿದರೆ ದತ್ತಿ ಸಂಸ್ಥೆ ಎನಿಸುತ್ತದೆ, ಅಸಲಿಗೆ ಪ್ಯಾಕ್. ಕಾರ್ಡಿನ ಸಂಖ್ಯೆ ಹೇಳುವ ಮೊದಲು ಎಫ್‌ಇಸಿ ಜಾಲತಾಣದಲ್ಲಿ ಆ ಸಮಿತಿಯ ಹೆಸರು ಹುಡುಕಿ, ಪ್ಯಾಕ್‌ಗಳು ಲೆಕ್ಕ ಒಪ್ಪಿಸುವ 3ಎಕ್ಸ್ ನಮೂನೆಯಲ್ಲಿ ಅದು ಇತ್ತೀಚೆಗೆ ಸಲ್ಲಿಸಿದ ವರದಿ ತೆರೆಯಿರಿ. ಸಾಲು 23 ಅಭ್ಯರ್ಥಿಗಳಿಗೂ ಇತರ ಸಮಿತಿಗಳಿಗೂ ಕೊಟ್ಟ ಹಣ, ಸಾಲು 24 ಸ್ವತಂತ್ರ ಪ್ರಚಾರದ ಖರ್ಚು, ಸಾಲು 21 ಸಮಿತಿಯನ್ನು ನಡೆಸುವ ಖರ್ಚು. ಮೊದಲೆರಡು ಸೊನ್ನೆಯ ಆಸುಪಾಸಿನಲ್ಲಿದ್ದು, ಸಾಲು 21ರಲ್ಲಿ ಫೋನ್ ಮಾಡುವ ಕಂಪನಿಗೇ ಲಕ್ಷಗಟ್ಟಲೆ ಹೋಗಿದ್ದರೆ, ನಿಮ್ಮ ಹಣವೂ ಅಲ್ಲಿಗೇ ಹೋಗುತ್ತದೆ. ಫೋನ್ ಇಟ್ಟುಬಿಡಿ.