ಪೊರೆಯೊಳಗಿನ ನೀರೆಲ್ಲ ಒಂದೇ ಬಗೆಯದಲ್ಲ

ಅಯಾನು, ಅಂದರೆ ವಿದ್ಯುದಂಶ ಹೊತ್ತ ಕಣ, ಸಾಗಿಸುವ ಪೊರೆಗಳ ಕೆಲಸ ಕಲಿಯಲು ಬರುವ ಹುಡುಗರು ಮೊದಲು ಕೇಳುವುದು ಒಂದೇ: "ಸರ್, ಇದರ ತೂತು ಎಷ್ಟು ದೊಡ್ಡದು?" ಒಣಗಿದ ಪೊರೆಯಲ್ಲಿ ತೂತೇ ಇಲ್ಲ ಎಂದರೆ ನಂಬುವುದಿಲ್ಲ. ಆಗ ನ್ಯಾಫಿಯಾನ್ ಎಂಬ ಇಂಥ ಪೊರೆಯ ಒಂದು ತುಂಡನ್ನು ಅವರ ಅಂಗೈ ಮೇಲೆ ಇಡುತ್ತೇನೆ. ಬೆವರಿನ ತೇವಕ್ಕೆ ಕೆಳಗಿನ ಮೈ ಉಬ್ಬಿ, ಹಾಳೆ ತಾನಾಗಿ ಸುರುಳಿಯಾಗುತ್ತದೆ. ಕಾರವಾರದ ಸೆಕೆಯಲ್ಲಿ ಇದಕ್ಕೆ ಹೆಚ್ಚು ಹೊತ್ತು ಕಾಯಬೇಕಿಲ್ಲ. ನೀರು ಒಳಗೆ ಹೋದ ಮೇಲೆಯೇ ಅಲ್ಲಿ ದಾರಿ ಹುಟ್ಟುತ್ತದೆ, ಆ ದಾರಿಯೂ ನೀರಿನದೇ.

1960ರ ದಶಕದ ಕೊನೆಗೆ ಡ್ಯುಪಾಂಟ್ ಕಂಪನಿಯಲ್ಲಿ ವಾಲ್ಥರ್ ಗ್ರೋಟ್ ರೂಪಿಸಿದ ಈ ಪಾಲಿಮರ್‌ನಲ್ಲಿ ಎರಡು ವಿರುದ್ಧ ಸ್ವಭಾವಗಳಿವೆ. ಬೆನ್ನೆಲುಬು ಟೆಫ್ಲಾನ್, ನೀರನ್ನು ಹತ್ತಿರ ಬಿಟ್ಟುಕೊಳ್ಳದು. ಅದರಿಂದ ಕವಲೊಡೆದ ಪಕ್ಕದ ಸರಪಳಿಗಳ ತುದಿಯಲ್ಲಿ ಸಲ್ಫೋನಿಕ್ ಆಮ್ಲ. ಅದಕ್ಕೆ ನೀರಿನ ದಾಹ. ತೇವ ಸಿಕ್ಕೊಡನೆ ಆಮ್ಲದ ತುದಿಗಳು ಒಂದೆಡೆ ಸೇರಿ ನೀರನ್ನು ಸುತ್ತುವರಿಯುತ್ತವೆ, ಟೆಫ್ಲಾನ್ ಭಾಗ ಬೇರೆಯಾಗಿ ನಿಂತು ಹಾಳೆಗೆ ಗಟ್ಟಿತನ ಕೊಡುತ್ತದೆ.

ನಾವು ನೀರನ್ನು ಲೆಕ್ಕ ಹಾಕುವುದು ಒಂದು ಆಮ್ಲದ ತುದಿಗೆ ಎಷ್ಟು ಅಣು ಎಂದು. ಮೊದಲ ಎರಡು ಮೂರು ಅಣುಗಳು ಆಮ್ಲಕ್ಕೇ ಅಂಟಿಕೊಂಡಿರುತ್ತವೆ. ಆಮ್ಲದಿಂದ ಪ್ರೋಟಾನನ್ನು (ಹೈಡ್ರೋಜನ್ ಅಯಾನನ್ನು) ಬಿಡಿಸುವುದಷ್ಟೇ ಅವುಗಳಿಂದಾಗುವ ಕೆಲಸ. ಬಿಡುಗಡೆಯಾದ ಪ್ರೋಟಾನ್ ದೂರ ಹೋಗಲಾರದು. ಇಂಥ ಬಿಗಿಹಿಡಿತದ ನೀರು ಸೊನ್ನೆ ಡಿಗ್ರಿಗಿಂತ ಎಷ್ಟೋ ಕೆಳಗಿಳಿದರೂ ಹೆಪ್ಪುಗಟ್ಟುವುದಿಲ್ಲ. ಐದಾರು ಅಣುಗಳಾದ ಮೇಲೆ ಚಿತ್ರ ಬದಲಾಗುತ್ತದೆ. ಅಘನಾಶಿನಿ ನದಿಯ ಗಜನಿ ಗದ್ದೆಗಳನ್ನು, ಅಂದರೆ ಉಬ್ಬರದ ನೀರು ನುಗ್ಗುವ ಗದ್ದೆಗಳನ್ನು, ಕಂಡವರಿಗೆ ಇದು ಸುಲಭ: ಇಳಿತದಲ್ಲಿ ಅಲ್ಲೊಂದು ಇಲ್ಲೊಂದು ಗುಂಡಿಯಲ್ಲಿ ನೀರು, ಉಬ್ಬರ ಏರಿದಂತೆ ಗುಂಡಿಗಳೆಲ್ಲ ಕೂಡಿಕೊಂಡು ದೋಣಿ ಹೋಗುವಷ್ಟಾಗುತ್ತದೆ. ಪೊರೆಯಲ್ಲೂ ನೀರಿನ ಗುಂಪುಗಳು ಒಂದಕ್ಕೊಂದು ತಾಗಿದ ಮೇಲೆಯೇ ವಾಹಕತೆ, ಅಂದರೆ ಪ್ರೋಟಾನ್ ಸಾಗಿಸುವ ಶಕ್ತಿ, ಏರುವುದು. ಪೂರ್ತಿ ನೆನೆದಾಗ ಅದು ಸೆಂಟಿಮೀಟರಿಗೆ ಸುಮಾರು 0.1 ಸೀಮೆನ್ಸ್.

ಈ ನೀರಿನ ನಡುಭಾಗದಲ್ಲಿ, ಗೋಡೆಯ ಆಮ್ಲಗಳಿಂದ ದೂರ, ಅಣುಗಳು ಸಾಮಾನ್ಯ ನೀರಿನಂತೆಯೇ ಹೈಡ್ರೋಜನ್ ಬಂಧಗಳಿಂದ ಹೆಣೆದುಕೊಂಡಿರುತ್ತವೆ. ಅಲ್ಲಿ ಪ್ರೋಟಾನ್ ತಾನು ಈಜಬೇಕಿಲ್ಲ. ಒಂದು ಅಣು ತನ್ನ ಪ್ರೋಟಾನನ್ನು ಪಕ್ಕದ್ದಕ್ಕೆ ದಾಟಿಸಿದರೆ ಅದು ಮುಂದಿನದಕ್ಕೆ ದಾಟಿಸುತ್ತದೆ. 1806ರಲ್ಲಿ ಗ್ರೋಟಸ್ ಹೇಳಿದ ವಿಚಾರದ ಇಂದಿನ ರೂಪ ಇದು. ನೀರು ಕಡಿಮೆಯಾದರೆ ಈ ಹೆಣಿಗೆ ಹರಿದು, ಪ್ರೋಟಾನ್ ನೀರಿನ ಅಣುವನ್ನು ಹೊತ್ತುಕೊಂಡೇ ನಿಧಾನವಾಗಿ ಸಾಗಬೇಕಾಗುತ್ತದೆ.

ನೀರಿನ ದಾರಿಯ ಆಕಾರದ ಬಗ್ಗೆ ವಾದ ಇನ್ನೂ ಮುಗಿದಿಲ್ಲ. 1980ರ ದಶಕದಲ್ಲಿ ಗಿಯರ್ಕೆ ಮತ್ತು ಸಂಗಡಿಗರು 4 ನ್ಯಾನೊಮೀಟರ್ ಗುಂಡುಗಳು, ಅವುಗಳ ನಡುವೆ 1 ನ್ಯಾನೊಮೀಟರ್ ಕಾಲುವೆಗಳು ಎಂದರು. 2008ರಲ್ಲಿ ಶ್ಮಿಟ್-ರೋರ್ ಮತ್ತು ಚೆನ್ ಸುಮಾರು 2.4 ನ್ಯಾನೊಮೀಟರ್ ಅಗಲದ ಕೊಳವೆಗಳು ಎಂದರು. ಪದರ ಪದರವಾದ ಚಪ್ಪಟೆ ನೀರು ಎನ್ನುವವರೂ ಇದ್ದಾರೆ. ನನ್ನ ಒಲವು ಈ ಕೊನೆಯವರ ಕಡೆಗೆ. ಪಠ್ಯಗಳಲ್ಲಿ ಗುಂಡು-ಕಾಲುವೆ ಚಿತ್ರವೊಂದನ್ನೇ ಅಂತಿಮ ಸತ್ಯದಂತೆ ಅಚ್ಚು ಹಾಕುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ.

ಪೂರ್ತಿ ತೇವದ ಗಾಳಿಯಲ್ಲಿಟ್ಟ ಪೊರೆ ಆಮ್ಲಕ್ಕೆ ಸುಮಾರು 14 ಅಣು ಹೀರಿದರೆ, ನೀರಿನಲ್ಲೇ ಕುದಿಸಿದ್ದು 22ರವರೆಗೆ ಹೀರುತ್ತದೆ. ಹಾಗಾಗಿ ಮಳೆಗಾಲದ ಗಾಳಿಯೇ ಸಾಕೆಂದು ಬಿಟ್ಟ ತುಂಡು ನೆನೆಸಿದ ತುಂಡಿಗೆ ಸಮವಲ್ಲ. ಅರ್ಧ ತೇವದ ಗಾಳಿಯಿಂದ ನೀರಿಗೆ ಹಾಕಿದರೆ ಉದ್ದ ಸುಮಾರು ಶೇಕಡಾ 10 ಹೆಚ್ಚುತ್ತದೆ. ಫೆಬ್ರುವರಿಯ ಶಿರಸಿಯಲ್ಲಿ ಒಣಗಿದ್ದನ್ನು ಅಳತೆಗೆ ಕತ್ತರಿಸಿ, ಸೆಲ್‌ಗೆ, ಅಂದರೆ ಪೊರೆ ಕೂರಿಸುವ ವಿದ್ಯುತ್ ಕೋಶಕ್ಕೆ, ಬಿಗಿದು ಆಮೇಲೆ ನೆನೆಸಿದರೆ ಅದು ಸುಕ್ಕಾಗದೆ ಇರದು.

ಬಿಣಗಾದ ಕಾಸ್ಟಿಕ್ ಸೋಡಾ ಕಾರ್ಖಾನೆ ಈ ಜಿಲ್ಲೆಯವರಿಗೆಲ್ಲ ಗೊತ್ತು. ಉಪ್ಪುನೀರಿಗೆ ವಿದ್ಯುತ್ ಹಾಯಿಸಿ ಕಾಸ್ಟಿಕ್ ತೆಗೆಯುವ ಆ ಉದ್ಯಮದಲ್ಲಿ ಈಗ ಪೊರೆಯದೇ ಕಾರುಬಾರು. ಅಲ್ಲಿ ಸಾಗುವುದು ಸೋಡಿಯಂ. ಒಂದೊಂದು ಅಯಾನೂ ತನ್ನೊಡನೆ ಸುಮಾರು ನಾಲ್ಕು ನೀರಿನ ಅಣುಗಳನ್ನು ಎಳೆದೊಯ್ಯುತ್ತದೆ. ಪೊರೆಗೆ ಎರಡು ಪದರ: ಉಪ್ಪುನೀರಿನ ಕಡೆಗೆ ಸಲ್ಫೋನಿಕ್, ಕಾಸ್ಟಿಕ್ ಕಡೆಗೆ ಕಾರ್ಬಾಕ್ಸಿಲಿಕ್. ಕಾರ್ಬಾಕ್ಸಿಲಿಕ್ ಪದರ ಹಿಡಿಯುವ ನೀರು ಕಡಿಮೆ, ಅದರ ದಾರಿಗಳೂ ಇಕ್ಕಟ್ಟು. ಕಾಸ್ಟಿಕ್ ಕಡೆಯಿಂದ ಹಿಂದಕ್ಕೆ ನುಗ್ಗುವ ಹೈಡ್ರಾಕ್ಸೈಡ್ ಅಲ್ಲೇ ತಡೆಯಲ್ಪಡುತ್ತದೆ. ನೀರು ಹೆಚ್ಚಿದ್ದಷ್ಟೂ ಒಳ್ಳೆಯದು ಎಂಬ ಮಾತು ಇಲ್ಲಿ ನಡೆಯುವುದಿಲ್ಲ.

ಇದೇ ನೀರಿನಲ್ಲಿ ಅಪಾಯವೂ ಇದೆ. ಸಾಣಿಕಟ್ಟೆಯ ಉಪ್ಪಿರಲಿ, ಬೇರೆಲ್ಲಿಯದೇ ಇರಲಿ, ಸಮುದ್ರದ ಉಪ್ಪಿನೊಂದಿಗೆ ಮೆಗ್ನೀಸಿಯಂ, ಕ್ಯಾಲ್ಸಿಯಂ ಬಂದೇ ಬರುತ್ತವೆ. ಅವು ಸೋಡಿಯಂ ಜೊತೆ ಒಳಹೊಕ್ಕು, ಕ್ಷಾರದ ನೀರು ಎದುರಾದಲ್ಲಿ ಹೈಡ್ರಾಕ್ಸೈಡ್ ಆಗಿ ಗಟ್ಟಿಯಾಗುತ್ತವೆ. ನ್ಯಾನೊಮೀಟರ್ ಅಗಲದ ದಾರಿಯಲ್ಲಿ ಒಮ್ಮೆ ಹರಳು ಕಟ್ಟಿದರೆ ತೊಳೆದು ತೆಗೆಯುವುದು ಹೆಚ್ಚುಕಡಿಮೆ ಅಸಾಧ್ಯ. ಅದಕ್ಕೇ ಉಪ್ಪುನೀರು ಸೆಲ್‌ಗೆ ಹೋಗುವ ಮುಂಚೆ ಇವೆರಡೂ ಸೇರಿ ಶತಕೋಟಿಗೆ 20 ಭಾಗಕ್ಕಿಂತ ಕೆಳಗಿಳಿಯಬೇಕು. ಇವನ್ನು ಹಿಡಿದು ತೆಗೆಯುವ ರಾಳದ ಕಾಲಮ್ ಸೋತಿದೆ ಎಂಬ ಅನುಮಾನ ಬಂದರೆ ನಾಳೆ ನೋಡೋಣ ಎನ್ನದೆ, ಆ ಪಾಳಿಯಲ್ಲೇ ಬದಲಿಸಿ.