ಹೊಸ ಕಾರಿನ ಬಾಗಿಲಲ್ಲಿ ಹಳೆಯ ಗಾಯ

ಪ್ರಶ್ನೆ: ಹೊಸ ಕಾರು ಕೊಂಡು ಇಪ್ಪತ್ತು ದಿನವಾಯಿತು. ಎಡಬದಿಯ ಬಾಗಿಲಿಗೆ ಮೊದಲೇ ಏಟು ಬಿದ್ದು, ಮತ್ತೆ ಬಣ್ಣ ಹೊಡೆದಿರುವುದು ಈಗ ಗೊತ್ತಾಗಿದೆ. ಕಾರನ್ನೇ ಬದಲಿಸಿ ಕೊಡಬೇಕೆಂಬ ಕಾನೂನು ಇದೆಯಂತಲ್ಲ?

ಇಲ್ಲ. ಎಷ್ಟನೆಯ ಸಲ ಇದನ್ನು ಬರೆಯುತ್ತಿದ್ದೇನೋ, ಲೆಕ್ಕ ತಪ್ಪಿದೆ. ಆ ಕಾನೂನು ಇರುವುದು ಅಮೆರಿಕದಲ್ಲಿ. ಪದೇ ಪದೇ ಕೆಡುವ ಹೊಸ ಕಾರನ್ನು ಅಲ್ಲಿಯವರು ‘ನಿಂಬೆಹಣ್ಣು’ ಎನ್ನುತ್ತಾರೆ. ಕಾನೂನಿಗೂ ಅದೇ ಹೆಸರು. ನಮ್ಮಲ್ಲಿ ನಿಂಬೆಹಣ್ಣಿನ ಪಾತ್ರ ಪೂಜೆಯ ದಿನ ಚಕ್ರದಡಿ ಅಪ್ಪಚ್ಚಿಯಾಗುವುದಕ್ಕೇ ಮುಗಿಯುತ್ತದೆ.

2006ರಲ್ಲಿ ಮಾರುತಿ ಉದ್ಯೋಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇಷ್ಟೆ: ವಾರಂಟಿಯ ಕರಾರು ದೋಷವಿರುವ ಭಾಗವನ್ನು ಸರಿಪಡಿಸುವುದಕ್ಕೋ ಬದಲಿಸುವುದಕ್ಕೋ ಇದ್ದರೆ, ಕಂಪನಿಯ ಹೊಣೆಯೂ ಅಷ್ಟೇ. ಕ್ಲಚ್ ಕೆಟ್ಟರೆ ಕ್ಲಚ್, ಕಾರಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ವಸ್ತುವನ್ನು ಬದಲಿಸಿ ಕೊಡಿ, ಹಣ ಮರಳಿಸಿ ಎಂದು ಆದೇಶಿಸುವ ಅಧಿಕಾರ ಗ್ರಾಹಕ ಆಯೋಗಕ್ಕೆ ಉಂಟು, ಒಪ್ಪುತ್ತೇನೆ. ಆದರೆ ಕೇಳಿದವರಿಗೆಲ್ಲ ಅದು ಸಿಗುವುದಿಲ್ಲ. ದುರಸ್ತಿಗೆ ಬಗ್ಗದ ತಯಾರಿಕಾ ದೋಷ ಎಂದು ತೋರಿಸುವ ಹೊರೆ ನಿಮ್ಮದು. ಅದಕ್ಕೆ ಸಾಮಾನ್ಯವಾಗಿ ತಜ್ಞರ ವರದಿ ಬೇಕು. ಶೋರೂಮಿನಲ್ಲಿ ಕೂಗಾಡಿ, ಕೀಲಿ ಎಸೆದು ಬರುವವರಿಗೆ ಉಳಿಯುವುದು ಬ್ಯಾಂಕಿನ ಕಂತು ಮಾತ್ರ.

ನಿಮ್ಮ ಕಥೆ ಬೇರೆ. ಇದು ತಯಾರಿಕಾ ದೋಷವೇ ಅಲ್ಲ, ಮುಚ್ಚಿಟ್ಟು ಮಾರಿದ್ದು. ತೋರಿಸುವುದೂ ಸುಲಭ. ಬಣ್ಣದ ದಪ್ಪ ಅಳೆಯುವ ಮೀಟರ್ ಇಟ್ಟರೆ ಎಡ, ಬಲ ಬಾಗಿಲುಗಳ ಅಂಕಿಗಳು ಜಗಳವಾಡುತ್ತವೆ. ಬಾಗಿಲಿನ ರಬ್ಬರ್ ಪಟ್ಟಿ (ಬೀಡಿಂಗ್) ಎತ್ತಿ ನೋಡಿ, ಅಂಚಿನಲ್ಲಿ ತುಂತುರು ಬಣ್ಣ ಸಿಗಬಹುದು. ಫೋಟೊ ತೆಗೆದು ಡೀಲರ್‌ಗೂ ಕಂಪನಿಗೂ ಲಿಖಿತ ದೂರು ಕೊಡಿ. “ಪಾಲಿಶ್ ಮಾಡಿಕೊಡುತ್ತೇವೆ, ಬಿಟ್ಟು ಹೋಗಿ” ಎಂದರೆ ಬಿಡಬೇಡಿ. ಪಾಲಿಶ್ ಆಗುವುದು ನಿಮ್ಮ ಸಾಕ್ಷ್ಯ. ಜಗ್ಗದಿದ್ದರೆ ಎರಡು ವರ್ಷದೊಳಗೆ ಜಿಲ್ಲಾ ಆಯೋಗಕ್ಕೆ ಹೋಗಿ. ಕೊಟ್ಟ ಬೆಲೆ 50 ಲಕ್ಷ ದಾಟದಿದ್ದರೆ ಅಲ್ಲಿಯೇ. ಶೋರೂಮ್ ಬೆಂಗಳೂರಿನಲ್ಲಿದ್ದರೂ ದಾವಣಗೆರೆಯವರು ದಾವಣಗೆರೆಯಲ್ಲೇ ದೂರು ಸಲ್ಲಿಸಬಹುದು.

ನೀವು ಕೇಳಲಿಲ್ಲ, ಆದರೂ ಈಗಲೇ ಹೊರಗೆ ಹೋಗಿ ಟೈರಿನ ಪಕ್ಕೆ ನೋಡಿ. ನಾಲ್ಕು ಅಂಕಿಗಳಿರುತ್ತವೆ: 3524 ಎಂದರೆ 2024ರ 35ನೆಯ ವಾರದಲ್ಲಿ ತಯಾರಾದದ್ದು. ಕಾರಿನ ತಯಾರಿಕೆಯ ತಿಂಗಳು ಫಾರಂ 22ರಲ್ಲಿದೆ, ಅಂದರೆ ನೋಂದಣಿಗಾಗಿ ಕಂಪನಿ ಕೊಡುವ ಪ್ರಮಾಣಪತ್ರದಲ್ಲಿ. ನಾಲ್ಕು ಟೈರುಗಳಲ್ಲಿ ಒಂದು ಮಾತ್ರ ಕಾರಿಗಿಂತ ಕಿರಿಯದಾಗಿದ್ದರೆ, ಏಟು ಬಾಗಿಲಿಗಷ್ಟೇ ಬಿದ್ದಿತ್ತೇ ಎಂದು ದೂರಿನಲ್ಲಿ ಅದನ್ನೂ ಕೇಳಿ.