ಮಿನಿಮಮ್ ಡ್ಯೂ ಕಟ್ಟುತ್ತಲೇ ಇದ್ದೇನೆ, ಸಾಲ ಯಾಕೆ ಇಳಿಯುತ್ತಿಲ್ಲ?

ಪ್ರಶ್ನೆ: ಕ್ರೆಡಿಟ್ ಕಾರ್ಡ್ ಬಿಲ್ ಪೂರ್ತಿ ಕಟ್ಟಲು ಆಗುತ್ತಿಲ್ಲ. ಆದರೆ ಮಿನಿಮಮ್ ಡ್ಯೂ, ಅಂದರೆ ಕನಿಷ್ಠ ಇಷ್ಟಾದರೂ ಕಟ್ಟಿ ಅಂತ ಬಿಲ್ ಕೇಳುವ ಮೊತ್ತ, ಒಂದು ತಿಂಗಳೂ ತಪ್ಪಿಸಿಲ್ಲ. ಹೀಗೇ ಒಂದು ವರ್ಷ ಆಯಿತು. ಬಾಕಿ ನೋಡಿದರೆ ಅಲ್ಲೇ ಇದೆ ಅನ್ನಿಸುತ್ತದೆ. ನಾನು ಎಲ್ಲಿ ಎಡವುತ್ತಿದ್ದೇನೆ?

ಉತ್ತರ: ಬಿಲ್ ಕೇಳಿದಷ್ಟನ್ನೇ ಕಟ್ಟುತ್ತಿದ್ದೀರಿ, ತೊಂದರೆ ಇರುವುದೇ ಅಲ್ಲಿ. ಮಿನಿಮಮ್ ಡ್ಯೂ ಕಟ್ಟಿದರೆ ಲೇಟ್ ಫೀ ಬೀಳುವುದಿಲ್ಲ, ನಿಮ್ಮ ಹೆಸರು ಸುಸ್ತಿದಾರರ ಪಟ್ಟಿಗೆ ಹೋಗುವುದಿಲ್ಲ. ಅದರ ಕೆಲಸ ಅಷ್ಟೇ. ಉಳಿದ ಬಾಕಿಯ ಮೇಲೆ ಬಡ್ಡಿ ತನ್ನ ಪಾಡಿಗೆ ತಾನು ಓಡುತ್ತಿರುತ್ತದೆ.

ಒಂದು ಲೆಕ್ಕ ಹಾಕೋಣ. ಬಾಕಿ 1,00,000 ಇದೆ ಅಂದುಕೊಳ್ಳಿ. ಯಾವ ದೇಶದ ಹಣವಾದರೂ ಸರಿ, ಲೆಕ್ಕ ಬದಲಾಗುವುದಿಲ್ಲ. ಬಡ್ಡಿ ತಿಂಗಳಿಗೆ 3%, ಮಿನಿಮಮ್ ಡ್ಯೂ ಬಿಲ್‌ನ 5%. ತಿಂಗಳ ಕೊನೆಗೆ 3,000 ಬಡ್ಡಿ ಸೇರಿ ಬಿಲ್ 1,03,000 ಆಗುತ್ತದೆ. ನೀವು 5,150 ಕಟ್ಟುತ್ತೀರಿ. ಬಾಕಿ 97,850ಕ್ಕೆ ಇಳಿಯುತ್ತದೆ. ಅಂದರೆ 5,150ರಲ್ಲಿ ಅಸಲಿಗೆ ಹೋಗಿದ್ದು 2,150 ಮಾತ್ರ.

ಹೀಗೇ 12 ತಿಂಗಳು ಹೋದರೆ ನಿಮ್ಮ ಜೇಬಿನಿಂದ ಸುಮಾರು 55,000 ಖರ್ಚಾಗಿರುತ್ತದೆ. ಸಾಲ ಇನ್ನೂ ಸುಮಾರು 77,000 ಉಳಿದಿರುತ್ತದೆ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ! ಅದೂ ಈ ವರ್ಷವೆಲ್ಲ ಕಾರ್ಡನ್ನು ಒಂದು ಸಲವೂ ಉಜ್ಜದಿದ್ದರೆ ಮಾತ್ರ. ನಡುನಡುವೆ ಸಣ್ಣಪುಟ್ಟದ್ದು ಕೊಳ್ಳುತ್ತಿದ್ದರೆ ಬಾಕಿ ಅಲ್ಲಾಡುವುದೇ ಇಲ್ಲ. ‘ತಿಂಗಳಿಗೆ 3% ತಾನೇ’ ಅನ್ನಿಸಬಹುದು. ಚಕ್ರಬಡ್ಡಿ ಸೇರಿದರೆ ಅದು ವರ್ಷಕ್ಕೆ 42%ಕ್ಕಿಂತ ಜಾಸ್ತಿ.

ಇದರಲ್ಲಿ ಹೆಚ್ಚಿನವರು ಗಮನಿಸದ ಒಂದು ಸಂಗತಿ ಇದೆ. ಬಾಕಿ ಇಳಿದಂತೆ ಮಿನಿಮಮ್ ಡ್ಯೂ ಕೂಡ ಇಳಿಯುತ್ತದೆ. ಮೊದಲ ತಿಂಗಳು 5,150, ಎರಡನೇ ತಿಂಗಳು ಸುಮಾರು 5,040, ಆಮೇಲೆ ಇನ್ನೂ ಕಡಿಮೆ. ನಮಗೋ ಖುಷಿ, ಹೊರೆ ಇಳಿಯುತ್ತಿದೆ ಅಂತ. ನಿಜವಾಗಿ ಇಳಿಯುತ್ತಿರುವುದು ನಾವು ಸಾಲ ತೀರಿಸುವ ವೇಗ. ಈ ದಾರಿಯಲ್ಲಿ ಸಾಲ ಅರ್ಧ ಆಗಲು 32 ತಿಂಗಳು ಬೇಕು.

ಈಗ ಒಂದೇ ಒಂದು ಬದಲಾವಣೆ ಮಾಡಿ. ಬಿಲ್ ಎಷ್ಟೇ ಕೇಳಲಿ, ಮೊದಲ ತಿಂಗಳ ಆ 5,150ನ್ನೇ ಪ್ರತಿ ತಿಂಗಳೂ ಕಟ್ಟಿ. 30 ತಿಂಗಳಿಗೆ ಸಾಲ ಪೂರ್ತಿ ಮುಗಿಯುತ್ತದೆ. ಅರ್ಧವಲ್ಲ, ಪೂರ್ತಿ. ನಾನು ಮೊದಲ ಸಲ ಈ ಲೆಕ್ಕ ಹಾಕಿದಾಗ ನಂಬಲಾಗದೆ ಮತ್ತೊಮ್ಮೆ ಹಾಕಿ ನೋಡಿದ್ದೆ. ತಿಂಗಳಿಗೆ 8,000 ಕಟ್ಟಲು ಆಗುತ್ತದೆ ಅನ್ನಿ, 16 ತಿಂಗಳು ಸಾಕು.

ಹಾಗಾಗಿ ಮೊದಲು ಆಟೋ ಪೇ (ಬಿಲ್ ಹಣ ಖಾತೆಯಿಂದ ತಾನಾಗಿಯೇ ಹೋಗುವ ವ್ಯವಸ್ಥೆ) ಸೆಟ್ಟಿಂಗ್ ತೆರೆದು ನೋಡಿ. ಅಲ್ಲಿ ‘ಪೂರ್ತಿ ಬಾಕಿ’, ‘ಮಿನಿಮಮ್’ ಅಂತ ಎರಡು ಆಯ್ಕೆ ಇರುತ್ತವೆ. ನನ್ನದು ಎಂಟು ತಿಂಗಳು ಮಿನಿಮಮ್‌ನಲ್ಲೇ ಇತ್ತು. ಕಾರ್ಡ್ ತೆಗೆದುಕೊಳ್ಳುವ ದಿನ ಅವಸರದಲ್ಲಿ ಟಿಕ್ ಮಾಡಿದ್ದೆ, ಆಮೇಲೆ ತಲೆ ಕೆಡಿಸಿಕೊಳ್ಳಲಿಲ್ಲ. ‘ಹಣ ಸಂದಾಯವಾಗಿದೆ’ ಅಂತ ಮೆಸೇಜ್ ಬರುತ್ತಿತ್ತಲ್ವಾ, ಎಲ್ಲ ಸರಿಯಾಗಿದೆ ಅಂದುಕೊಂಡಿದ್ದೆ. ಮೊತ್ತ ಎಷ್ಟು ಅಂತ ಓದಿದ್ದರೆ ತಾನೇ!

ಎರಡನೆಯದು, ಸಾಲ ತೀರುವವರೆಗೆ ಆ ಕಾರ್ಡನ್ನು ಬಳಸಬೇಡಿ. ಹಿಂದಿನ ಬಾಕಿ ಉಳಿದಿದ್ದರೆ ಸಾಮಾನ್ಯವಾಗಿ ಬಡ್ಡಿಯಿಲ್ಲದ ಅವಧಿ ಕೈತಪ್ಪುತ್ತದೆ. ಹೊಸದಾಗಿ ಕೊಂಡಿದ್ದಕ್ಕೆ ಕೊಂಡ ದಿನದಿಂದಲೇ ಬಡ್ಡಿ. ಆ ಕಾರ್ಡಿನಿಂದ ಎಟಿಎಂನಲ್ಲಿ ನಗದು ತೆಗೆಯುವ ಮಾತಂತೂ ಬೇಡ.

ಬ್ಯಾಂಕಿನಲ್ಲಿ ಉಳಿತಾಯ ಇಟ್ಟುಕೊಂಡು ಇತ್ತ ಕಾರ್ಡಿಗೆ ಬಡ್ಡಿ ಕಟ್ಟುವವರೂ ಇದ್ದಾರೆ. ಅಲ್ಲಿ ವರ್ಷಕ್ಕೆ 5-6% ಬರುತ್ತದೆ ಅಂದುಕೊಂಡರೂ, ಇಲ್ಲಿ 42% ಹೋಗುತ್ತದೆ. ಇಟ್ಟ ಹಣ ಮುರಿಯಲು ಮನಸ್ಸು ಬರುವುದಿಲ್ಲ, ನಿಜ. ಆದರೂ ಒಂದೆರಡು ತಿಂಗಳ ಖರ್ಚಿಗೆ ಆಗುವಷ್ಟು ಉಳಿಸಿಕೊಂಡು ಮಿಕ್ಕಿದ್ದನ್ನು ಕಾರ್ಡಿಗೆ ಕಟ್ಟುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಪೂರ್ತಿ ಖಾಲಿ ಮಾಡಬೇಡಿ. ನಾಳೆ ಆಸ್ಪತ್ರೆ ಖರ್ಚು ಬಂದರೆ ಮತ್ತೆ ಅದೇ ಕಾರ್ಡ್ ಹೊರಗೆ ಬರುತ್ತದೆ.

ಬಾಕಿಯನ್ನು ಇಎಂಐಗೆ ಬದಲಾಯಿಸಿಕೊಡುತ್ತೇವೆ ಅಂತ ಫೋನ್ ಬರಬಹುದು. ಬಡ್ಡಿ ನಿಜವಾಗಿ ಕಡಿಮೆಯಿದ್ದರೆ ಅದು ಒಳ್ಳೆಯ ದಾರಿಯೇ. ಆದರೆ ದರ ‘ಫ್ಲಾಟ್’ ಅಲ್ಲ ತಾನೇ ಅಂತ ಕೇಳಿ. ಫ್ಲಾಟ್ ಅಂದರೆ ಅಸಲು ತಿಂಗಳು ತಿಂಗಳು ಇಳಿದರೂ ಬಡ್ಡಿ ಮೊದಲಿನ ಪೂರ್ತಿ ಮೊತ್ತದ ಮೇಲೇ. ಒಂದು ವರ್ಷದ ಸಾಲಕ್ಕೆ 12% ಫ್ಲಾಟ್ ಅಂದರೆ ಇಳಿಯುವ ಬಾಕಿಯ ಲೆಕ್ಕದಲ್ಲಿ ಹೆಚ್ಚುಕಡಿಮೆ 21.5%. ಫೀಸ್ ಬೇರೆ ಇರುತ್ತದೆ. ಇನ್ನು ಫೋನಿನಲ್ಲಿ ಒಟಿಪಿ, ಕಾರ್ಡಿನ ಹಿಂದಿನ ನಂಬರ್ ಏನಾದರೂ ಕೇಳಿದರೆ ಸುಮ್ನೆ ಕಟ್ ಮಾಡಿ. ಕಾರ್ಡಿನ ಮೇಲೆಯೇ ಅಚ್ಚಾಗಿರುವ ನಂಬರಿಗೆ ನೀವೇ ಕರೆ ಮಾಡಿ ವಿಚಾರಿಸಿ.

ಕೊನೆಯ ಕಂತು ಕಟ್ಟಿದ ಮೇಲೂ ಮುಂದಿನ ತಿಂಗಳು ಒಂದು ಸಣ್ಣ ಬಿಲ್ ಬರಬಹುದು, ಗಾಬರಿಯಾಗಬೇಡಿ. ಬಿಲ್ ತಯಾರಾದ ದಿನದಿಂದ ನೀವು ಹಣ ಕಟ್ಟಿದ ದಿನದವರೆಗಿನ ಬಡ್ಡಿ ಅದು. ‘ಎಲ್ಲಾ ಮುಗೀತಲ್ಲ’ ಅಂತ ಬಿಟ್ಟುಬಿಟ್ಟರೆ ಆ ಚಿಲ್ಲರೆಗೆ ಲೇಟ್ ಫೀ ಸೇರಿಕೊಳ್ಳಬಹುದು. ಅದನ್ನೂ ಕಟ್ಟಿ, ಬಾಕಿ ಸೊನ್ನೆ ತೋರಿಸುವ ಬಿಲ್ ಒಂದನ್ನು ತೆಗೆದಿಟ್ಟುಕೊಳ್ಳಿ.